ಎಂಟು ಜನ ಇದ್ರೂ ನಾಲ್ಕೇ ಜನರ ಕೆಲಸ ಯಾಕೆ? ಡೇರಿ, ಸಂಘ, ಅಂಗಡಿಗಳಲ್ಲಿ ತಂಡ ಕಟ್ಟೋ ವಿಷಯ

ಬಾಗೂರು: ನಮ್ಮ ಹೋಬಳಿಯಲ್ಲಿ ಹಾಲಿನ ಡೇರಿ ಇರುವ ಯಾವ ಊರಿಗಾದ್ರೂ ಬೆಳಗ್ಗೆ ಆರು ಗಂಟೆಗೆ ಹೋಗಿ ನೋಡಿ. ಅಂಗಡಿ ಬಾಗಿಲು ತೆರೆದಿರಲ್ಲ, ಮೊದಲ ಬಸ್ಸಿಗೆ ಇನ್ನೂ ಟೈಮ್ ಇರುತ್ತೆ. ಆದ್ರೆ ಡೇರಿ ಮುಂದೆ ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಡಬ್ಬ ಹಿಡಿದು ಜನ ನಿಂತಿರ್ತಾರೆ. ಒಬ್ಬೊಬ್ಬರ ಹಾಲನ್ನೂ ಅಳೆದು, ಸ್ಯಾಂಪಲ್ ತೆಗೆದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ, ಲೆಕ್ಕ ಬರೆದು, ಕ್ಯಾನಿಗೆ ಸುರಿದು, ಗಾಡಿ ಬರೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. ಸಂಜೆ ಮತ್ತೆ ಇದೇ. ಭಾನುವಾರ ಇಲ್ಲ, ಹಬ್ಬ ಇಲ್ಲ, ಊರಲ್ಲಿ ಸಾವಾದ್ರೂ ಡೇರಿ ನಿಲ್ಲಲ್ಲ.

'ತಂಡ ಕಟ್ಟೋದು ಹೇಗೆ' ಅನ್ನೋ ವಿಷಯದ ಮೇಲೆ ಬೆಂಗಳೂರಿನ ಕಂಪನಿಗಳು ಹೋಟೆಲ್ ಬುಕ್ ಮಾಡಿ, ಸಾವಿರಾರು ರೂಪಾಯಿ ಕೊಟ್ಟು ತರಬೇತಿ ಕೊಡಿಸ್ತವೆ. ನಮ್ಮ ಊರಲ್ಲಿ ಆ ಪಾಠ ದಿನಕ್ಕೆ ಎರಡು ಸಲ ಕಣ್ಮುಂದೆ ನಡೀತಾ ಇದೆ. ಹಾಗಂತ ನಮ್ಮ ಅಂಗಡಿ, ನಮ್ಮ ಸ್ತ್ರೀಶಕ್ತಿ ಸಂಘ, ನಮ್ಮ ಯುವಕರ ಬಳಗ ಎಲ್ಲಾ ಡೇರಿ ಥರ ನಡೀತಿದೆಯಾ ಅಂದ್ರೆ, ಇಲ್ಲ. ಹೊಸ ಅಂಗಡಿಗೆ ಮೂರು ಜನ ಹುಡುಗರನ್ನ ಇಟ್ಕೊಂಡವರು ಆರು ತಿಂಗಳಲ್ಲಿ "ಒಬ್ಬನೇ ಇದ್ದಾಗಲೇ ಚೆನ್ನಾಗಿತ್ತು" ಅಂತಾರೆ. ಹದಿನೈದು ಜನ ಸೇರಿ ಶುರು ಮಾಡಿದ ಸಂಘ ಎರಡನೇ ಸಾಲದ ಹೊತ್ತಿಗೆ ಒಡೆದು ಹೋಗುತ್ತೆ. ಇದು ಯಾಕೆ ಹೀಗೆ ಅನ್ನೋದನ್ನ ಸ್ವಲ್ಪ ವಿವರವಾಗಿ ನೋಡೋಣ.

ಹಗ್ಗ ಎಳೆಸಿ ಅಳೆದ ಎಂಜಿನಿಯರ್

ಮ್ಯಾಕ್ಸ್ ರಿಂಗೆಲ್ಮನ್ ಅಂತ ಫ್ರಾನ್ಸಿನ ಒಬ್ಬ ಕೃಷಿ ಎಂಜಿನಿಯರ್ ಇದ್ದ. ಎತ್ತು, ಕುದುರೆ, ಮನುಷ್ಯ, ಯಂತ್ರ, ಯಾವುದು ಎಷ್ಟು ಭಾರ ಎಳೆಯುತ್ತೆ ಅಂತ ಅಳೆಯೋದು ಅವನ ಕೆಲಸ. 1880ರ ದಶಕದಲ್ಲಿ ಅವನು ಗಂಡಾಳುಗಳಿಂದ ಹಗ್ಗ ಎಳೆಸಿ, ಆ ಹಗ್ಗಕ್ಕೆ ಅಳತೆ ಯಂತ್ರ ಕಟ್ಟಿ ನೋಡಿದ. 1913ರಲ್ಲಿ ಅದನ್ನ ಪ್ರಕಟಿಸಿದ. ಒಬ್ಬ ಒಬ್ಬನೇ ಎಳೆದಾಗ ಅವನ ಶಕ್ತಿ ನೂರು ಅಂತ ಇಟ್ಕೊಳ್ಳಿ. ಇಬ್ಬರು ಸೇರಿದಾಗ ತಲಾ 93ಕ್ಕೆ ಇಳಿಯಿತು. ಮೂವರಾದಾಗ 85. ಎಂಟು ಜನ ಸೇರಿದಾಗ ತಲಾ 49. ಅಂದ್ರೆ ಎಂಟು ಜನ ಹಗ್ಗ ಹಿಡಿದರೂ ಬಂದದ್ದು ಹತ್ತಿರತ್ತಿರ ನಾಲ್ಕು ಜನರ ಬಲ. ಮಿಕ್ಕ ನಾಲ್ಕು ಜನರದ್ದು ಎಲ್ಲಿ ಹೋಯ್ತು?

ತೇರು ಎಳೆದವರಿಗೆ ಇದನ್ನ ಹೇಳಿಕೊಡೋದು ಬೇಡ. ಮಿಣಿ ಹಗ್ಗಕ್ಕೆ ಇನ್ನೂರು ಕೈ ಬಿದ್ದಿರುತ್ತೆ. ಮುಂದೆ ಇರೋ ಮೂವತ್ತು ಜನ ನಿಜವಾಗಿ ಎಳೀತಾರೆ, ಹಿಂದಿನವರು ಹಗ್ಗ ಮುಟ್ಟಿ ಕಣ್ಣಿಗೆ ಒತ್ಕೊಂಡು ನಡೀತಾರೆ. ಭಕ್ತಿಗೆ ಅದು ಸರಿ, ನಾನೇನೂ ತಪ್ಪು ಅನ್ನಲ್ಲ. ಗಾಲಿಗೆ ಮರದ ತಡೆ ಕೊಡುವ ನಾಲ್ಕು ಜನ ಇರ್ತಾರಲ್ಲ, ಅವರನ್ನ ಗಮನಿಸಿದ್ದೀರಾ? ಅವರಲ್ಲಿ ಯಾರೂ ಸುಮ್ಮನೆ ನಿಲ್ಲೋಕೆ ಆಗಲ್ಲ. ಎಡಗಡೆಯವನು ತಡೆ ಕೊಡೋದು ಒಂದು ಕ್ಷಣ ತಡವಾದ್ರೆ ತೇರು ವಾಲುತ್ತೆ. ಆ ನಾಲ್ಕು ಜನರ ಕಣ್ಣು ಒಬ್ಬರ ಮೇಲೊಬ್ಬರ ಇರುತ್ತೆ.

ರಿಂಗೆಲ್ಮನ್ ಕಂಡ ಸೋರಿಕೆಗೆ ಎರಡು ಕಾರಣ. ಒಂದು, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲ್ಲ, ಒಬ್ಬ ಎಳೆಯುವಾಗ ಇನ್ನೊಬ್ಬ ಉಸಿರು ತಗೋತಿರ್ತಾನೆ. ಅದಕ್ಕೇ ಹಿಂದೆ ಬಂಡೆ ಎಳೆಯುವಾಗ, ಏತ ಎಳೆಯುವಾಗ ಹಾಡು ಇತ್ತು, 'ಐಸಾ' ಅನ್ನೋ ಕೂಗು ಇತ್ತು. ಎರಡನೆಯದು ಮನಸ್ಸಿನದ್ದು. 1974ರಲ್ಲಿ ಅಮೆರಿಕದಲ್ಲಿ ಕೆಲವು ಸಂಶೋಧಕರು ಇದನ್ನೇ ಬೇರೆ ರೀತಿ ಮಾಡಿ ನೋಡಿದ್ರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ನಿನ್ನ ಹಿಂದೆ ಇನ್ನೂ ಜನ ಎಳೀತಿದ್ದಾರೆ ಅಂತ ನಂಬಿಸಿದ್ರು. ಹಿಂದೆ ಇದ್ದವರು ಎಳೀತಾನೇ ಇರಲಿಲ್ಲ. ಆದ್ರೂ ಇವನ ಎಳೆತ ಕಮ್ಮಿ ಆಯ್ತು. ಅಂದ್ರೆ ಹೊಂದಾಣಿಕೆ ತಪ್ಪೋ ಪ್ರಶ್ನೆಯೇ ಇಲ್ಲದಾಗಲೂ, 'ಯಾರೋ ಎಳೀತಾರೆ, ನಾನು ಎಷ್ಟು ಎಳೆದೆ ಅಂತ ಯಾರಿಗೆ ಗೊತ್ತಾಗುತ್ತೆ' ಅನ್ನೋ ಭಾವನೆ ಒಂದೇ ಸಾಕು, ಕೈ ಸಡಿಲ ಆಗೋಕೆ. ಇದು ಸೋಮಾರಿತನ ಅಲ್ಲ. ಎಷ್ಟೋ ಸಲ ಅವನಿಗೇ ಗೊತ್ತಾಗದ ಹಾಗೆ ಆಗಿಹೋಗುತ್ತೆ.

ಈಗ ನಿಮ್ಮ ಅಂಗಡಿಗೆ ಬನ್ನಿ. ಗಿರಾಕಿ ಬಂದು ನಿಂತಿದ್ದಾರೆ, ಮೂರು ಹುಡುಗರಿದ್ದಾರೆ, ಮೂವರೂ ಅವರನ್ನ ನೋಡಿದ್ದಾರೆ, ಯಾರೂ ಎದ್ದಿಲ್ಲ. ನೀವು ಗಲ್ಲಾದಿಂದ ಕೂಗಿದ ಮೇಲೆ ಮೂವರೂ ಒಟ್ಟಿಗೆ ಓಡ್ತಾರೆ. ಬೈಗುಳದಿಂದ ಇದು ಸರಿ ಹೋಗಲ್ಲ. ಬೈದ ದಿನ ಸರಿ ಇರುತ್ತೆ, ನಾಳೆ ಮತ್ತೆ ಅದೇ.

ಡೇರಿ ಇದನ್ನ ಹೇಗೆ ಗೆದ್ದಿತು

ಡೇರಿಯಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಸೇರುತ್ತೆ. ಆದ್ರೆ ಸೇರೋಕೆ ಮುಂಚೆ ಪ್ರತಿಯೊಬ್ಬರದ್ದೂ ಬೇರೆಬೇರೆಯಾಗಿ ಅಳತೆ ಆಗುತ್ತೆ. ಇಷ್ಟು ಲೀಟರ್, ಇಷ್ಟು ಫ್ಯಾಟ್, ಇಷ್ಟು ಎಸ್‌ಎನ್‌ಎಫ್ ಅಂತ ಚೀಟಿ ಬರುತ್ತೆ, ಅದಕ್ಕೆ ತಕ್ಕ ದುಡ್ಡು ಬರುತ್ತೆ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇರಬೇಕು ಅನ್ನೋ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಬಾಯಲ್ಲೇ ಇದೆ. ನೀರು ಬೆರೆಸಿದವರ ಚೀಟಿಯಲ್ಲಿ ಅದು ಕಾಣುತ್ತೆ. ಒಳ್ಳೆ ಹಿಂಡಿ, ಹಸಿ ಮೇವು ಹಾಕಿದವರ ಶ್ರಮವೂ ಅಲ್ಲೇ ಕಾಣುತ್ತೆ. ಕೂಡಿ ಮಾಡುವ ಕೆಲಸದಲ್ಲಿ ಒಬ್ಬೊಬ್ಬರ ಪಾಲು ಕಾಣಬೇಕು ಅನ್ನೋದೇ ರಿಂಗೆಲ್ಮನ್‌ಗೆ ಸಿಕ್ಕಿದ ಸಮಸ್ಯೆಗೆ ಉತ್ತರ.

ಇನ್ನೊಂದು ವಿಷಯ ಇದೆ. ಒಬ್ಬರ ತಪ್ಪು ಎಲ್ಲರಿಗೂ ತಟ್ಟುತ್ತೆ. ಹುಳಿಯಾದ ಒಂದು ಲೀಟರ್ ಹಾಲು ಕ್ಯಾನಿಗೆ ಬಿದ್ರೆ ಅಷ್ಟೂ ಹಾಲು ಕೆಡುತ್ತೆ. ಹಾಗಾಗಿ ಪಾತ್ರೆ ತೊಳೆದಿದ್ದೀಯಾ, ಕರೆದು ಎಷ್ಟು ಹೊತ್ತಾಯ್ತು ಅಂತ ಪಕ್ಕದವರು ಕೇಳಿದ್ರೆ ಯಾರೂ ಸಿಟ್ಟಾಗಲ್ಲ. ಹಾಲನ್ನ ಬೇಗ ನಾಲ್ಕು ಡಿಗ್ರಿಗೆ ತಣ್ಣಗೆ ಮಾಡಬೇಕು, ಇಲ್ಲಾಂದ್ರೆ ಅದರಲ್ಲಿರೋ ಸೂಕ್ಷ್ಮಾಣು ಹೆಚ್ಚುತ್ತಾ ಹೋಗುತ್ತೆ. ಹಾಲು ಯಾರಿಗೂ ಕಾಯಲ್ಲ. ಆ ಅವಸರವೇ ಎಲ್ಲರನ್ನೂ ಒಂದು ಟೈಮಿಗೆ ಕಟ್ಟಿ ಹಾಕಿದೆ.

ಈ ಪದ್ಧತಿ ಗುಜರಾತಿನ ಆನಂದದಿಂದ ಬಂದದ್ದು. ಅಲ್ಲಿ ಖೇಡಾ ಜಿಲ್ಲೆಯ ರೈತರು ತ್ರಿಭುವನದಾಸ್ ಪಟೇಲರ ನೇತೃತ್ವದಲ್ಲಿ 1946ರಲ್ಲಿ ಹಾಲು ಒಕ್ಕೂಟ ಕಟ್ಟಿದ್ರು. ಆಮೇಲೆ ವರ್ಗೀಸ್ ಕುರಿಯನ್ ಬಂದು ಸೇರಿಕೊಂಡ್ರು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಅಭಿವೃದ್ಧಿ ಕೆಲಸ ಶುರುವಾಯ್ತು, ಮುಂದೆ ಅದು ಕೆಎಂಎಫ್ ಆಯ್ತು. ಹಾಸನ ಒಕ್ಕೂಟ ಇವತ್ತು ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆ ನೋಡಿಕೊಳ್ಳುತ್ತೆ. ಸಹಕಾರ ಅನ್ನೋದು ನಮಗೆ ಗುಜರಾತಿನಿಂದ ಬಂದದ್ದು ಅಂತ ಮಾತ್ರ ತಿಳ್ಕೋಬೇಡಿ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದರು.

ಗುಂಪು ಬೇರೆ, ತಂಡ ಬೇರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ನಮ್ಮ ಊರುಗಳಲ್ಲಿ ಮನೆ ಮುಳುಗಿಸ್ತಿರೋದು ಇದೇ ವ್ಯತ್ಯಾಸ.

1980ರ ದಶಕದ ಮಧ್ಯದಲ್ಲಿ ಮೈರಾಡ ಅನ್ನೋ ಬೆಂಗಳೂರಿನ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸುತ್ತಿತ್ತು. ಅವುಗಳಲ್ಲಿ ಕೆಲವು ಒಡೆದು ಹೋದವು. ಆಶ್ಚರ್ಯ ಏನಂದ್ರೆ, ಒಡೆದ ಮೇಲೆ ಸದಸ್ಯರು ಸುಮ್ಮನೆ ಮನೆಗೆ ಹೋಗಲಿಲ್ಲ. ತಮಗೆ ನಂಬಿಕೆ ಇದ್ದ ಹದಿನೈದು ಇಪ್ಪತ್ತು ಜನರ ಚಿಕ್ಕ ಚಿಕ್ಕ ಗುಂಪು ಮಾಡಿಕೊಂಡು, ದೊಡ್ಡ ಸಂಘದಲ್ಲಿ ನಮಗೆ ವಿಶ್ವಾಸ ಇಲ್ಲ, ಸಾಲ ಬೇಕಾದ್ರೆ ನಿಮ್ಮ ಸಂಸ್ಥೆಗೇ ವಾಪಸ್ ಕಟ್ಟುತ್ತೇವೆ ಅಂದ್ರು. ಸಂಸ್ಥೆಯವರು ಇದನ್ನ ಸೋಲು ಅಂತ ಬರೆದುಕೊಂಡು ಮುಚ್ಚಬಹುದಿತ್ತು. ಹಾಗೆ ಮಾಡದೆ, ಜನ ತಾವಾಗಿ ಯಾರ ಜೊತೆ ಸೇರಿದ್ದಾರೋ ಅದನ್ನೇ ಬುನಾದಿ ಮಾಡಿದ್ರು. ಒಂದೇ ಊರವರು ಅಂತಲೋ ಒಂದೇ ಪಟ್ಟಿಯಲ್ಲಿ ಹೆಸರಿದೆ ಅಂತಲೋ ಅಲ್ಲ, ಮೊದಲೇ ಒಬ್ಬರಿಗೊಬ್ಬರು ಬಳಕೆ, ನಂಬಿಕೆ ಇರೋದು ಮುಖ್ಯ ಅಂತ ಅವರಿಗೆ ಅರ್ಥ ಆಗಿತ್ತು. ನಬಾರ್ಡ್ ಆ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ ಇಡೀ ದೇಶಕ್ಕೆ ಸ್ವಸಹಾಯ ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಕಾರ್ಯಕ್ರಮ ಬಂತು. 2000ದಿಂದ ನಮ್ಮಲ್ಲಿ ಸ್ತ್ರೀಶಕ್ತಿ, ಈಗ ಸಂಜೀವಿನಿ.

ಈ ಸಂಘಗಳಿಗೆ 'ಪಂಚಸೂತ್ರ' ಅಂತ ಹೇಳಿಕೊಡ್ತಾರೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗಿಂದೊಳಗೆ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಲೆಕ್ಕದ ಪುಸ್ತಕ ಅಪ್‌ಡೇಟ್. ಐದರಲ್ಲಿ ಸಾಲದ ಮಾತು ಬರೋಕೆ ಮುಂಚೆ ಸಭೆ ಬರುತ್ತೆ ನೋಡಿ. ವಾರಕ್ಕೊಂದು ಸಲ ಕೂತು, ಪುಸ್ತಕ ಜೋರಾಗಿ ಓದಿ, ಯಾರ ಮನೆಯಲ್ಲಿ ಏನಾಗಿದೆ ಅಂತ ತಿಳ್ಕೊಂಡ ಮೇಲೆ ದುಡ್ಡಿನ ಮಾತು. ಸಭೆಗೆ ಬಾರದೆ "ನನ್ನ ಉಳಿತಾಯ ತಗೊಳ್ಳಿ" ಅಂತ ಮಗಳ ಕೈಲಿ ಐವತ್ತು ರೂಪಾಯಿ ಕಳಿಸೋರು ಹೆಚ್ಚಾದ ದಿನ ಆ ಸಂಘಕ್ಕೆ ಜ್ವರ ಶುರು ಆಯ್ತು ಅಂತ ಲೆಕ್ಕ.

ಇದಕ್ಕೆ ಹೋಲಿಸಿ, ಫೈನಾನ್ಸ್‌ನವರು ಮಾಡೋ ಗುಂಪು ನೋಡಿ. ನಾಲ್ಕೈದು ಜನರಿಂದ ಹತ್ತು ಜನರವರೆಗೆ ಸೇರಿಸ್ತಾರೆ, ಆಧಾರ್ ಕಾರ್ಡ್ ತಗೋತಾರೆ, ಫೋಟೋ ತೆಗೀತಾರೆ. ಒಬ್ಬರು ಕಟ್ಟದಿದ್ರೆ ಉಳಿದವರು ಕಟ್ಟಬೇಕು. ಕಾಗದದ ಮೇಲೆ ಇದೂ ಒಗ್ಗಟ್ಟೇ. ಆದ್ರೆ ಎಷ್ಟೋ ಕಡೆ ಆ ಗುಂಪಿನವರು ಕಂತಿನ ದಿನ ಬಿಟ್ಟು ಬೇರೆ ದಿನ ಕೂತು ಮಾತಾಡಿರಲ್ಲ. ಪಕ್ಕದವರು ಇನ್ನೂ ಮೂರು ಕಡೆ ಸಾಲ ಮಾಡಿದ್ದಾರೆ ಅನ್ನೋದೂ ಗೊತ್ತಿರಲ್ಲ. ಅವರು ಊರು ಬಿಟ್ಟ ದಿನ ಗೊತ್ತಾಗುತ್ತೆ. ಹೊಣೆ ಒಟ್ಟಿಗಿದೆ, ಒಡನಾಟ ಇಲ್ಲ. ಆಗ ಏನಾಗುತ್ತೆ ಅಂದ್ರೆ, ಗುಂಪಿನವರೇ ಗುಂಪಿನವರ ಮನೆ ಮುಂದೆ ಹೋಗಿ ಕೂರ್ತಾರೆ. ವಸೂಲಿ ಕಿರುಕುಳಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ, ಜೀವ ಕಳ್ಕೊಂಡ ಸುದ್ದಿ ರಾಜ್ಯದ ನಾನಾ ಕಡೆಯಿಂದ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಕಿರುಸಾಲ ವಸೂಲಿ ದೌರ್ಜನ್ಯ ತಡೆಯೋಕೆ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಅದರಲ್ಲಿ ಇದೆ. ಕಾನೂನು ಏಜೆಂಟನ್ನ ತಡೆಯಬಹುದು. ಗುಂಪಿನೊಳಗೆ ಹಾಳಾದ ಸಂಬಂಧವನ್ನ ಯಾರು ಸರಿ ಮಾಡ್ತಾರೆ?

ಅದಕ್ಕೆ ನನ್ನ ಒಂದು ಮಾತು, ಯಾವುದೇ ಗುಂಪಿಗೆ ಸಹಿ ಹಾಕೋ ಮುಂಚೆ. ಉಳಿದವರ ಹೆಸರು ಓದಿ, ಒಬ್ಬೊಬ್ಬರ ಬಗ್ಗೆಯೂ ಕೇಳ್ಕೊಳ್ಳಿ: ಇವರ ಮನೆಗೆ ಕಷ್ಟ ಬಂದ್ರೆ ಇವರು ನನಗೆ ಮೊದಲೇ ಹೇಳ್ತಾರಾ? ನಾನು ಇವರಿಗೆ ಹೇಳ್ತೀನಾ? ಎರಡಕ್ಕೂ 'ಗೊತ್ತಿಲ್ಲ' ಅಂತ ಬಂದ್ರೆ ಸಹಿ ಹಾಕಬೇಡಿ.

ತಪ್ಪು ಹೇಳ್ಕೊಳ್ಳೋ ಧೈರ್ಯ

ಏಮಿ ಎಡ್ಮಂಡ್ಸನ್ ಅಂತ ಹಾರ್ವರ್ಡ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ಮಾಡಿದ್ರು. ಒಳ್ಳೆ ತಂಡ ಇರೋ ವಾರ್ಡ್‌ನಲ್ಲಿ ಔಷಧಿ ಕೊಡೋದ್ರಲ್ಲಿ ತಪ್ಪು ಕಮ್ಮಿ ಇರುತ್ತೆ ಅಂತ ಅವರ ಅಂದಾಜು. ಲೆಕ್ಕ ನೋಡಿದ್ರೆ ಉಲ್ಟಾ. ಒಳ್ಳೆ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು! ಆಮೇಲೆ ಅರ್ಥ ಆಯ್ತು: ಅಲ್ಲಿ ತಪ್ಪು ಜಾಸ್ತಿ ಆಗ್ತಿರಲಿಲ್ಲ, ಆದ ತಪ್ಪನ್ನ ಅಲ್ಲಿಯವರು ಬಾಯಿಬಿಟ್ಟು ಹೇಳ್ತಿದ್ರು. ಕೆಟ್ಟ ತಂಡಗಳಲ್ಲಿ ಮುಚ್ಚಿಡ್ತಿದ್ರು. ಗೂಗಲ್ ಕಂಪನಿ 2012ರಿಂದ ತನ್ನ 180 ತಂಡಗಳನ್ನ ಪರೀಕ್ಷೆ ಮಾಡಿದಾಗಲೂ ಬಂದ ಉತ್ತರ ಇದೇ. ಯಾರು ಎಷ್ಟು ಬುದ್ಧಿವಂತರು ಅನ್ನೋದಕ್ಕಿಂತ, ಗೊತ್ತಿಲ್ಲ ಅಂತ, ತಪ್ಪಾಯ್ತು ಅಂತ ಹೆದರದೆ ಹೇಳೋಕೆ ಆಗುತ್ತಾ ಅನ್ನೋದೇ ತಂಡದ ಕೆಲಸವನ್ನ ಹೆಚ್ಚು ನಿರ್ಧರಿಸ್ತಿತ್ತು.

ಇದು ಅಮೆರಿಕದ ಮಾತಾಯ್ತು. ನಮ್ಮ ಕೊಟ್ಟಿಗೆಗೆ ಬನ್ನಿ. ಹಸುವಿಗೆ ಕೆಚ್ಚಲು ಬಾವು ಬಂತು, ಡಾಕ್ಟರು ಆಂಟಿಬಯೋಟಿಕ್ ಕೊಟ್ರು, ಇಷ್ಟು ದಿನ ಹಾಲು ಡೇರಿಗೆ ಹಾಕಬೇಡಿ ಅಂದ್ರು. ದಿನಕ್ಕೆ ಹತ್ತು ಲೀಟರ್ ಕೊಡೋ ಹಸು. ನಾಲ್ಕು ದಿನ ಅಂದ್ರೆ ನಲವತ್ತು ಲೀಟರ್. ಅದರ ನಷ್ಟ ಸಣ್ಣದಲ್ಲ. ಈಗ ಆ ಮನೆಯವರು ಏನು ಮಾಡ್ತಾರೆ? ಡೇರಿಯಲ್ಲಿ "ನಮ್ಮ ಹಸುಗೆ ಔಷಧಿ ಆಗಿದೆ, ನಾಲ್ಕು ದಿನ ಬರಲ್ಲ" ಅಂತ ಹೇಳಿದ್ರೆ ಅಲ್ಲಿ ಏನು ಪ್ರತಿಕ್ರಿಯೆ ಬರುತ್ತೆ ಅನ್ನೋದರ ಮೇಲೆ ಅದು ನಿಂತಿದೆ. "ಒಳ್ಳೇದು ಮಾಡಿದ್ರಿ, ಹಸು ಹೇಗಿದೆ" ಅಂದ್ರೆ ಮುಂದಿನ ಸಲವೂ ಹೇಳ್ತಾರೆ. ಕಾರ್ಯದರ್ಶಿ ಎಲ್ಲರ ಮುಂದೆ ಅನುಮಾನದಿಂದ ಮಾತಾಡಿದ್ರೆ ಮುಂದಿನ ಸಲ ಬಾಯಿ ಮುಚ್ಕೊಂಡು ಸುರಿದು ಹೋಗ್ತಾರೆ. ಆ ಹಾಲು ಮೊಸರಿಗೆ ಹೆಪ್ಪು ಹಿಡಿಯಲ್ಲ, ಕುಡಿದವರ ಮೈಗೆ ಬೇಡದ ಔಷಧಿ ಸೇರುತ್ತೆ. ಯಾರ ಮನೆ ಮಗು ಕುಡಿಯುತ್ತೋ ಯಾರಿಗೆ ಗೊತ್ತು.

ಅಂಗಡಿಯಲ್ಲಿ ನನ್ನದೇ ಒಂದು ಕಥೆ ಹೇಳ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಪುಟ್ಟ ಅಂಗಡಿ ನೋಡಿಕೊಳ್ತಿದ್ದಾಗ, ಹುಡುಗ ಒಬ್ಬ ಅಕ್ಕಿ ಮೂಟೆ ಇಳಿಸುವಾಗ ಒಂದು ಡಬ್ಬ ಎಣ್ಣೆ ಚೆಲ್ಲಿದ. ನಾನು ಗಿರಾಕಿಗಳ ಮುಂದೆಯೇ ರೇಗಿದೆ, ಸಂಬಳದಲ್ಲಿ ಹಿಡೀತೀನಿ ಅಂದೆ. ಹಿಡಿದೆ ಕೂಡ. ಅದಾದ ಎರಡು ತಿಂಗಳಿಗೆ ಗೋಡೌನಿನ ಮೂಲೆಯಲ್ಲಿ ಮಳೆ ನೀರು ಇಳಿದು ಆರು ಮೂಟೆ ಸಕ್ಕರೆ ಹಾಳಾಯ್ತು. ನೀರು ಇಳೀತಿದೆ ಅಂತ ಅವನಿಗೆ ಮೂರು ದಿನದ ಹಿಂದೆಯೇ ಗೊತ್ತಿತ್ತು. ಯಾಕೋ ಹೇಳಲಿಲ್ಲ ಅಂತ ಕೇಳಿದ್ರೆ, "ನಾನೇ ಏನೋ ಮಾಡಿದೆ ಅಂತೀರ ಅಂತ ಸುಮ್ಮನಿದ್ದೆ ಅಣ್ಣ" ಅಂದ. ಎಣ್ಣೆ ದುಡ್ಡು ವಸೂಲಾಗಿತ್ತು, ಸಕ್ಕರೆ ದುಡ್ಡು ಇವತ್ತಿಗೂ ಆಗಿಲ್ಲ.

ಹಾಗಂತ ಏನು ಮಾಡಿದ್ರೂ ಸುಮ್ಮನಿರಿ ಅಂತ ನಾನು ಹೇಳ್ತಿಲ್ಲ. ತೂಕದಲ್ಲಿ ಮೋಸ ಮಾಡೋದು, ಗಲ್ಲಾಗೆ ಕೈ ಹಾಕೋದು ಬೇರೆ, ಕೈ ಜಾರಿ ಬೀಳೋದು ಬೇರೆ. ಎರಡಕ್ಕೂ ಒಂದೇ ದನಿಯಲ್ಲಿ ಕೂಗೋ ಯಜಮಾನನಿಗೆ ಎರಡರ ಸುದ್ದಿಯೂ ಬರಲ್ಲ, ಅಷ್ಟೇ.

ಟೀ ಕುಡಿಯೋ ಹತ್ತು ನಿಮಿಷ

ಅಮೆರಿಕದ ಎಂಐಟಿಯ ಅಲೆಕ್ಸ್ ಪೆಂಟ್ಲೆಂಡ್ ಅನ್ನೋ ವಿಜ್ಞಾನಿ ಒಂದು ಬ್ಯಾಂಕಿನ ಕಾಲ್‌ಸೆಂಟರ್‌ನಲ್ಲಿ ಕೆಲಸ ಮಾಡೋರ ಕೊರಳಿಗೆ ಪುಟ್ಟ ಯಂತ್ರ ಹಾಕಿ ನೋಡಿದ್ರು. ಯಾರು ಯಾರ ಜೊತೆ ಎಷ್ಟು ಮಾತಾಡ್ತಾರೆ ಅಂತ ಅಳೆಯೋದು ಅದರ ಕೆಲಸ, ಏನು ಮಾತಾಡಿದ್ರು ಅಂತಲ್ಲ. ಅಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಟೀ ಬಿಡುವು ಇತ್ತು. ಕೆಲಸ ನಿಲ್ಲಬಾರದು ಅಂತ ಹಾಗೆ ಮಾಡಿದ್ರು. ಪೆಂಟ್ಲೆಂಡ್ ಹೇಳಿದ್ದು ಒಂದೇ: ಒಂದು ತಂಡದವರೆಲ್ಲ ಒಟ್ಟಿಗೆ ಟೀಗೆ ಹೋಗಲಿ. ಹಿಂದೆ ಬಿದ್ದಿದ್ದ ತಂಡಗಳಲ್ಲಿ ಒಂದು ಕರೆ ಮುಗಿಸೋಕೆ ತಗೋತಿದ್ದ ಸಮಯ ಶೇ 20ಕ್ಕಿಂತ ಹೆಚ್ಚು ಇಳಿಯಿತು, ಒಟ್ಟು ಲೆಕ್ಕದಲ್ಲಿ ಶೇ 8 ಇಳಿಯಿತು. ಟೀ ಕುಡೀತಾ ಅವರು ಏನು ಮಾತಾಡಿರ್ತಾರೆ? ಮನೆ ವಿಷಯ, ಸಿನಿಮಾ, ಮಧ್ಯೆ ಒಂದು ಮಾತು, "ಅಂಥ ಗಿರಾಕಿ ಬಂದ್ರೆ ನೀನು ಏನು ಹೇಳ್ತೀಯ?" ಆ ಒಂದು ಮಾತಿನಿಂದ ಲಾಭ ಆಗಿರಬಹುದು.

ನಮ್ಮ ಕಡೆ ಇದು ಗೊತ್ತಿಲ್ಲದ್ದೇನಲ್ಲ. ಗದ್ದೆ ಕೆಲಸಕ್ಕೆ ಬಂದ ಆಳುಗಳಿಗೆ ಬದುವಿನ ಮೇಲೆ ಒಟ್ಟಿಗೆ ಊಟ ಹಾಕ್ತಿದ್ರು, ಯಜಮಾನನೂ ಅಲ್ಲೇ ಕೂರ್ತಿದ್ದ. ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಟೀಗೆ ಹೋದ್ರೆ ವ್ಯಾಪಾರ ಯಾರು ಮಾಡೋದು ಅಂತ ಕೇಳ್ತೀರ. ಸರಿಯೇ. ಸಂತೆ ದಿನ ಆಗಲ್ಲ. ಆದ್ರೆ ಬೆಳಗ್ಗೆ ಶಟರ್ ಎತ್ತಿ, ದೀಪ ಹಚ್ಚಿ, ಗಿರಾಕಿ ಬರೋ ಮುಂಚೆ ಹತ್ತು ನಿಮಿಷ ಸಿಗುತ್ತೆ. ಇವತ್ತು ಯಾವ ಲೋಡು ಬರುತ್ತೆ, ಏನು ಖಾಲಿ ಆಗಿದೆ, ನಿನ್ನೆ ಯಾರು ವಾಪಸ್ ಹೋದ್ರು, ಯಾರ ಮನೆಯಲ್ಲಿ ಏನು ವಿಷಯ. ಇದಕ್ಕೆ ವಾಟ್ಸಾಪ್ ಗ್ರೂಪ್ ಇದೆಯಲ್ಲ ಅಂತ ಮಾತ್ರ ಹೇಳಬೇಡಿ. "ಗ್ರೂಪಲ್ಲಿ ಹಾಕಿದ್ದೆ ನೋಡ್ಲಿಲ್ವಾ" ಅನ್ನೋದೇ ಈಗ ನಮ್ಮ ತಾಲ್ಲೂಕಿನ ಅರ್ಧ ಜಗಳಕ್ಕೆ ಕಾರಣ. ಎಲ್ಲರಿಗೂ ಹಾಕಿದ ಮೆಸೇಜು ಅಂದ್ರೆ ಯಾರಿಗೂ ಹಾಕದ ಮೆಸೇಜು. ಮತ್ತೆ ಹಗ್ಗದ ಕಥೆಯೇ.

ಜನ ಹೆಚ್ಚಾದಂತೆ ಮಾತು ಯಾಕೆ ಸೋರುತ್ತೆ ಅನ್ನೋದಕ್ಕೆ ಒಂದು ಸುಲಭ ಲೆಕ್ಕ ಇದೆ. ನಾಲ್ಕು ಜನ ಇದ್ರೆ ಇಬ್ಬಿಬ್ಬರ ನಡುವಿನ ಸಂಬಂಧ ಆರು. ಎಂಟು ಜನ ಆದ್ರೆ ಹನ್ನೆರಡಲ್ಲ, ಇಪ್ಪತ್ತೆಂಟು. ಜನ ಎರಡು ಪಟ್ಟು, ಮಾತು ತಪ್ಪೋ ಜಾಗ ನಾಲ್ಕು ಪಟ್ಟಿಗೂ ಹೆಚ್ಚು. ಹಾಗಾಗಿ ಅಂಗಡಿ ದೊಡ್ಡದಾದಾಗ ಎಲ್ಲರೂ ಎಲ್ಲಾ ಕೆಲಸ ಮಾಡಲಿ ಅನ್ನೋದು ನಡೆಯಲ್ಲ. ಈ ಸಾಲಿನ ಮಾಲು ನಿನ್ನದು, ಆ ಸಾಲು ಅವನದು, ಡೆಲಿವರಿ ಇವನದು ಅಂತ ಹೆಸರು ಹೇಳಿ ಕೊಡಬೇಕು. ಕೊಟ್ಟ ಮೇಲೆ ಅವನ ಸಾಲಿನಲ್ಲಿ ನೀವು ಕೈ ಹಾಕಿ ಡಬ್ಬ ಜರುಗಿಸಬಾರದು. ಇದು ನಮ್ಮ ಯಜಮಾನರಿಗೆ ಬಹಳ ಕಷ್ಟ, ನನಗೂ ಕಷ್ಟವೇ ಆಗ್ತಿತ್ತು.

ಮನೆಯವರೇ ಸೇರಿ ನಡೆಸೋ ಅಂಗಡಿಯ ಕಷ್ಟ ಇನ್ನೊಂದು ಥರ. ಅಣ್ಣ ತಮ್ಮ, ಅಪ್ಪ ಮಗ. ಯಾರ ಕೆಲಸ ಏನು, ಯಾರಿಗೆ ತಿಂಗಳಿಗೆ ಎಷ್ಟು ಅಂತ ಮಾತಾಡೋಕೆ ಸಂಕೋಚ. ಮನೆಯವರ ಹತ್ರ ಲೆಕ್ಕ ಏನು ಕೇಳೋದು ಅಂತ ಹತ್ತು ವರ್ಷ ಸುಮ್ಮನಿದ್ದು, ಹನ್ನೊಂದನೇ ವರ್ಷ ಪಾಲಿನ ಪಂಚಾಯ್ತಿ ಮಾಡೋದನ್ನ ಎಷ್ಟು ಕಡೆ ನೋಡಿಲ್ಲ.

ಮುಯ್ಯಿ ಆಳು, ನೀರುಗಂಟಿ

ಹಳಬರಿಗೆ ಮುಯ್ಯಿ ಆಳು ನೆನಪಿರುತ್ತೆ. ಇವತ್ತು ನಿಮ್ಮ ಮನೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು, ನಾಳಿದ್ದು ನಮ್ಮ ನಾಟಿಗೆ ನಿಮ್ಮ ಮನೆಯಿಂದ ಇಬ್ಬರು. ಕೂಲಿ ಇಲ್ಲ, ಬರವಣಿಗೆ ಇಲ್ಲ, ಲೆಕ್ಕ ಮಾತ್ರ ಪಕ್ಕಾ. ಯಾರು ಎಷ್ಟು ಬಾಕಿ ಅಂತ ಎಲ್ಲರ ತಲೆಯಲ್ಲೂ ಇರ್ತಿತ್ತು. ಹಾಗೇ ಕೆರೆ ನೀರಿಗೆ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ತೂಬು, ಕಾಲುವೆ ನೋಡಿ ಬಿಡೋನು ಅವನು, ಅವನಿಗೆ ಸುಗ್ಗಿಯಲ್ಲಿ ಎಲ್ಲರ ಮನೆಯಿಂದ ಧಾನ್ಯ. ಒಬ್ಬರ ಪರ ಹೋದ್ರೆ ಉಳಿದವರ ಕಣದಲ್ಲಿ ಅವನಿಗೆ ರಾಶಿ ಇಲ್ಲ.

ಇಂಥದ್ದನ್ನೇ ಲೋಕವೆಲ್ಲ ಸುತ್ತಿ ಅಧ್ಯಯನ ಮಾಡಿದವರು ಎಲಿನೋರ್ ಆಸ್ಟ್ರಾಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಂಗಸು. ನೇಪಾಳದಲ್ಲಿ ಅವರು ಮತ್ತು ಜೊತೆಯವರು ಕಂಡದ್ದು ಇದು: ಸರ್ಕಾರ ಸಿಮೆಂಟಿನಿಂದ ಕಟ್ಟಿದ ಕಾಲುವೆಗಳಿಗಿಂತ ರೈತರೇ ಕಲ್ಲು ಮಣ್ಣಿನಿಂದ ಕಟ್ಟಿ ನೋಡಿಕೊಳ್ಳುತ್ತಿದ್ದ ಕಾಲುವೆಗಳಲ್ಲಿ ಕೊನೆ ಭಾಗದವರಿಗೆ ನೀರು ಹೆಚ್ಚು ಚೆನ್ನಾಗಿ ತಲುಪುತ್ತಿತ್ತು. ಯಾಕಂದ್ರೆ ಮಣ್ಣಿನ ಕಟ್ಟೆ ಪ್ರತಿವರ್ಷ ಕೊಚ್ಚಿ ಹೋಗುತ್ತೆ, ಕಟ್ಟೋಕೆ ಕೊನೆ ಭಾಗದವರ ಕೈಯೂ ಬೇಕು. ಅವರಿಗೆ ನೀರು ಕೊಡದಿದ್ರೆ ಅವರು ಬರಲ್ಲ. ಸಿಮೆಂಟ್ ಬಂದ ಮೇಲೆ ಮೇಲಿನವರಿಗೆ ಕೆಳಗಿನವರ ಹಂಗು ತಪ್ಪಿತು.

ಇದನ್ನ ಓದಿದಾಗ ನಮ್ಮ ಹೇಮಾವತಿ ನಾಲೆ ನೆನಪಾಗದೆ ಇರಲ್ಲ. ಬಾಗೂರು-ನವಿಲೆ ಸುರಂಗದಲ್ಲಿ ನಮ್ಮ ಕಾಲಡಿಯಲ್ಲೇ ತುಮಕೂರಿನ ಕಡೆಗೆ ನೀರು ಹರಿಯುತ್ತೆ. ಅದು ದೊಡ್ಡ ರಾಜಕೀಯ, ಇಲ್ಲಿ ಬೇಡ. ಆದ್ರೆ ನಮ್ಮ ವಿತರಣಾ ನಾಲೆಗಳ ಕೊನೆಯಲ್ಲಿರೋ ರೈತನನ್ನ ತಲೆಯಲ್ಲಿರೋ ರೈತ ಕೊನೇ ಸಲ ಮಾತಾಡಿಸಿದ್ದು ಯಾವಾಗ? ನೀರು ಬಳಕೆದಾರರ ಸಂಘ ಅಂತ ಕಾಗದದಲ್ಲಿ ಇದೆ. ಹೂಳು ತೆಗೆಯೋಕೆ ಎಲ್ಲರೂ ಗುದ್ದಲಿ ಹಿಡಿದು ಬಂದ ಊರಲ್ಲಿ ಆ ಸಂಘ ಬದುಕಿದೆ, ಜೆಸಿಬಿ ಬಿಲ್ಲಿಗೆ ಮಾತ್ರ ಸಹಿ ಹಾಕಿದ ಊರಲ್ಲಿ ಬೋರ್ಡು ಮಾತ್ರ ಉಳಿದಿದೆ.

ಎರಡು ಬಣ, ಒಂದು ಕ್ಯಾನು

ಡೇರಿಯನ್ನ ಇಷ್ಟು ಹೊಗಳಿದ್ದಕ್ಕೆ ಕೆಲವರು ನಗಬಹುದು. ಡೇರಿ ಚುನಾವಣೆ ಬಂದಾಗ ಊರು ಎರಡಾಗೋದು ನನಗೂ ಗೊತ್ತು. ಐದು ವರ್ಷಕ್ಕೊಮ್ಮೆ ನಿರ್ದೇಶಕರ ಆಯ್ಕೆ, ಅದರ ಹಿಂದೆ ಪಕ್ಷ, ಜಾತಿ, ಹಳೇ ದ್ವೇಷ ಎಲ್ಲಾ ಬರುತ್ತೆ. ಕಾರ್ಯದರ್ಶಿ ಯಾರ ಕಡೆಯವನು ಅಂತ ಫ್ಯಾಟ್ ಚೀಟಿಯ ಮೇಲೂ ಅನುಮಾನ ಬರುತ್ತೆ. ಆ ಅನುಮಾನ ಬಂದ ಊರುಗಳಲ್ಲಿ ಹಾಲು ಖಾಸಗಿ ಗಾಡಿಗೆ ಹೋಗೋಕೆ ಶುರು ಆಗಿದ್ದೂ ಇದೆ. ಯಂತ್ರ ಎಲ್ಲರ ಕಣ್ಣಿಗೆ ಕಾಣೋ ಹಾಗೆ ಇಟ್ಟು, ಅಂಕಿ ಎಲ್ಲರಿಗೂ ಓದೋಕೆ ಆಗೋ ಹಾಗೆ ಮಾಡಿದ ಕಡೆ ಮಾತು ಕಮ್ಮಿ ಆಗಿದೆ. ಯಂತ್ರಕ್ಕೆ ಅಡ್ಡ ಟೇಬಲ್ ಇಟ್ಟ ಕಡೆ ಜಗಳ ನಿಂತಿಲ್ಲ.

ಆದ್ರೂ ಒಂದು ನೋಡಿದ್ದೀನಿ. ಚುನಾವಣೆ ಫಲಿತಾಂಶ ಬಂದ ರಾತ್ರಿ ಪಟಾಕಿ, ಕೂಗಾಟ, ಗೆದ್ದವರ ಮೆರವಣಿಗೆ ಸೋತವರ ಬೀದಿಯಲ್ಲೇ. ಮಾರನೇ ಬೆಳಗ್ಗೆ ಆರು ಗಂಟೆಗೆ ಎರಡೂ ಬಣದ ಹೆಂಗಸರು ಕ್ಯಾನು ಹಿಡಿದು ಅದೇ ಕ್ಯೂನಲ್ಲಿ. ಮಾತಿಲ್ಲ, ಮುಖ ಆ ಕಡೆ ಈ ಕಡೆ. ಅಷ್ಟರಲ್ಲಿ ಒಬ್ಬರ ಕೈ ಜಾರಿ ಡಬ್ಬ ವಾಲಿತು. ಪಕ್ಕದಲ್ಲಿದ್ದವರು, ಸೋತ ಬಣದವರು, ತಟ್ಟನೆ ಹಿಡಿದ್ರು. "ಹಿಡ್ಕೊಳ್ಳೇ, ಚೆಲ್ಲುತ್ತೆ" ಅಂದ್ರು. ಆಮೇಲೆ ನಿಧಾನಕ್ಕೆ, ನಿಮ್ಮ ಹಸು ಕರು ಹಾಕ್ತಾ ಅಂತ ಶುರುವಾಯ್ತು.